ಕರಬೂಜ ಹೆಚ್ಚುವ ಮುನ್ನ

ಹಿಂದೂಸ್ತಾನದ ದೊರೆಯಾದ ಬಾಬರನಿಗೆ ಇಲ್ಲಿ ಕಾಡಿದ ಕೊರತೆಗಳಲ್ಲಿ ಒಳ್ಳೆಯ ಕರಬೂಜವೂ ಒಂದು. ಹಣ್ಣೊಂದನ್ನು ಹೆಚ್ಚಿ ತಿನ್ನುವಾಗ ಕಾಬೂಲಿನ ನೆನಪಾಗಿ ಅತ್ತುಬಿಟ್ಟೆನೆಂದು ಆತ 1529ರಲ್ಲಿ ಗೆಳೆಯ ಖ್ವಾಜಾ ಕಲಾನನಿಗೆ ಬರೆದಿದ್ದಾನೆ. ನಮ್ಮಲ್ಲಿ ರಾಮನವಮಿಯ ಪಾನಕಕ್ಕೆ ಬೆಲ್ಲ, ಏಲಕ್ಕಿಯೊಡನೆ ಬೆರೆಯುವುದೂ ಇದೇ ಹಣ್ಣು.

ಆದರೆ ಇದನ್ನು ಹೆಚ್ಚುವಾಗ ಎಚ್ಚರ ಅಗತ್ಯ. ನೆಲಕ್ಕೆ ತಾಗಿ ಬೆಳೆಯುವ ಈ ಹಣ್ಣಿನ ಒರಟು ಸಿಪ್ಪೆಯಲ್ಲಿ ಮಣ್ಣು, ರೋಗಾಣುಗಳು ಅಡಗಿರುತ್ತವೆ. ತೊಳೆಯದೆ ಕೊಯ್ದರೆ ಚಾಕುವಿನ ಅಲಗೇ ಅವನ್ನು ಒಳಕ್ಕೆ ಒಯ್ಯುತ್ತದೆ. ತಿರುಳಿನಲ್ಲಿ ಹುಳಿ ಕಡಿಮೆಯಾದ್ದರಿಂದ ಅವು ಬೇಗ ಬೆಳೆಯುತ್ತವೆ. 2011ರಲ್ಲಿ ಅಮೆರಿಕದಲ್ಲಿ ಕೊಲರಾಡೊದ ತೋಟವೊಂದರ ಕರಬೂಜದಿಂದ ಹರಡಿದ ಲಿಸ್ಟೀರಿಯಾ ಸೋಂಕಿಗೆ 33 ಮಂದಿ ಬಲಿಯಾದರು.

ಆದ್ದರಿಂದ ಮೊದಲು ಹಣ್ಣನ್ನು ಹರಿಯುವ ನೀರಿನಲ್ಲಿ ಬ್ರಷ್ಷಿನಿಂದ ಉಜ್ಜಿ ಒರೆಸಬೇಕು. ಎರಡೂ ತುದಿಗಳನ್ನು ಕತ್ತರಿಸಿದರೆ ಹಣ್ಣು ಉರುಳದೆ ನಿಲ್ಲುತ್ತದೆ. ಅದನ್ನು ಇಬ್ಭಾಗ ಮಾಡಿ, ಚಮಚದಿಂದ ಬೀಜ ತೆಗೆದು, ಉದ್ದುದ್ದ ಹೋಳು ಮಾಡಬೇಕು. ಸಿಪ್ಪೆಯಿಂದ ತಿರುಳು ಬಿಡಿಸಿ ಅಡ್ಡಡ್ಡ ಹೆಚ್ಚಿದರೆ ಮಕ್ಕಳಿಗೂ ಹಲ್ಲಿಲ್ಲದ ಹಿರಿಯರಿಗೂ ತಿನ್ನಲು ಸುಲಭ.

ಉಳಿದ ಹೋಳುಗಳನ್ನು ಎರಡು ಗಂಟೆಯೊಳಗೆ, ಕಡು ಬೇಸಿಗೆಯಲ್ಲಾದರೆ ಒಂದೇ ಗಂಟೆಯೊಳಗೆ, ಮುಚ್ಚಿ ಫ್ರಿಜ್ಜಿನಲ್ಲಿಡಬೇಕು. ಫ್ರಿಜ್ ಇಲ್ಲದ ಮನೆಯಲ್ಲಿ ಚಿಕ್ಕ ಹಣ್ಣು ತಂದು, ಎಲ್ಲರೂ ಕುಳಿತು ಒಂದೇ ಹೊತ್ತಿಗೆ ಮುಗಿಸುವುದು ಲೇಸು.