ಹುಡುಗಿಯರ ಬಾಸ್ಕೆಟ್‌ಬಾಲ್ ತಂಡ ಕಟ್ಟೋದು ಬಸ್ ಟೈಮಿನಿಂದ ಶುರುವಾಗುತ್ತೆ

ಹೊಸ ಸೀಸನ್ನಿನ ಮೊದಲ ದಿನ ನಾನು ಯಾರ ಎತ್ತರವನ್ನೂ ಅಳೆಯುವುದಿಲ್ಲ. ಒಂದು ನೋಟ್‌ಬುಕ್ ಕೊಟ್ಟು ಮೂರೇ ಮೂರು ವಿಷಯ ಬರೆಯಿರಿ ಅನ್ನುತ್ತೇನೆ: ಹೆಸರು, ಊರು, ಊರಿಗೆ ಕೊನೆಯ ಬಸ್ಸು ಎಷ್ಟು ಗಂಟೆಗೆ. ಹೆಸರಿನ ಮುಂದೆ ಅಡ್ಡಹೆಸರು ಬೇಡ. ನಮ್ಮ ಕಡೆ ಅಡ್ಡಹೆಸರು ಬರೆದರೆ ಜಾತಿ ಬರೆದ ಹಾಗೇ.

ಗೋಕಾಕದ ಕಾಲೇಜೊಂದರಲ್ಲಿ ಆಡಿದವಳು ನಾನು. ಅಂತರ್‌ಕಾಲೇಜು ಪಂದ್ಯಗಳಿಗೆ ಮುಂಚಿನ ಆರು ವಾರ ಪ್ರತಿ ವರ್ಷ ಅಲ್ಲಿಗೆ ಹೋಗಿ ಹುಡುಗಿಯರ ತಂಡಕ್ಕೆ ಪ್ರಾಕ್ಟೀಸ್ ಮಾಡಿಸುತ್ತೇನೆ. ಸಂಬಳದ ಕೋಚ್ ಅಲ್ಲ. ತಂಡದಲ್ಲಿ ಗೋಕಾಕ, ಕೊಣ್ಣೂರಿನವರು ಇರ್ತಾರೆ, ಮೂಡಲಗಿ, ಕಲ್ಲೋಳಿ ಕಡೆಯಿಂದ ಬರೋರು ಇರ್ತಾರೆ, ಹುಕ್ಕೇರಿ ತಾಲ್ಲೂಕಿನ ಹಿಡಕಲ್ ಡ್ಯಾಮಿನ ಕಡೆಯವರೂ ಇರ್ತಾರೆ. (ಗೋಕಾಕ ಅಂದ ಕೂಡಲೇ ಭಾಷಾ ಚಳವಳಿ ನೆನಪಾಯ್ತಾ? ಅದು ವಿ.ಕೃ. ಗೋಕಾಕರ ವರದಿಯಿಂದ ಬಂದ ಹೆಸರು. ನಮ್ಮೂರಿಗೂ ಅದಕ್ಕೂ ಹೆಸರಿನ ಸಂಬಂಧ ಬಿಟ್ಟರೆ ಬೇರೇನಿಲ್ಲ.)

'ಟೀಮ್ ಕಲ್ಚರ್' ಅನ್ನೋ ಮಾತು ಈಗ ಐಪಿಎಲ್ ಕಾಮೆಂಟರಿಯಿಂದ ಹಿಡಿದು ಬೆಂಗಳೂರಿನ ಸ್ಟಾರ್ಟಪ್‌ವರೆಗೆ ಎಲ್ಲರ ಬಾಯಲ್ಲೂ ಇದೆ. ಗೋಡೆಗೆ ಅಂಟಿಸಿದ ಘೋಷಣೆ, ಒಂದೇ ಬಣ್ಣದ ಟೀಶರ್ಟು, ಒಂದು ದಿನದ ಟ್ರಿಪ್ಪು. ನನ್ನ ಪ್ರಕಾರ ಅದಕ್ಕೆ ಅರ್ಥ ಇಷ್ಟೇ: ಒಬ್ಬಳು ಬರಲಿಲ್ಲ ಅಂದರೆ ಉಳಿದವರು ಏನು ಮಾಡ್ತಾರೆ? 'ಬರದಿದ್ರ ಬಿಡ್ರಿ, ಇನ್ನೊಬ್ಬಾಕಿ ಅದಾಳ' ಅಂದರೆ ಅದೂ ಒಂದು ಕಲ್ಚರೇ. ಪ್ರತಿ ವರ್ಷ ಶುರುವಿನಲ್ಲಿ ಹದಿನೆಂಟು, ಇಪ್ಪತ್ತು ಹುಡುಗಿಯರು ಬರ್ತಾರೆ. ನಮಗೆ ಬೇಕಿರುವುದು ಹನ್ನೆರಡು. ಆರನೇ ವಾರದ ಹೊತ್ತಿಗೆ ಆ ಹನ್ನೆರಡು ಮಂದಿ ಉಳಿದಿರ್ತಾರಾ ಅನ್ನೋದೇ ನಮ್ಮ ಮೊದಲ ಪಂದ್ಯ.

ಅದಕ್ಕೇ ಬಸ್ ಟೈಮು.

ಸಂಜೆ ಕ್ಲಾಸು ಮುಗಿದ ಮೇಲೆ ಕೋರ್ಟಿಗೆ ಬರೋದು, ಒಂದೂವರೆ ತಾಸು ಆಡೋದು, ಕೊನೆಯ ಬಸ್ಸು ಹಿಡಿಯೋದು. ಹಳೆಯ ಪದ್ಧತಿ ಏನಿತ್ತು ಅಂದರೆ, ತಡವಾಗಿ ಬಂದವಳಿಗೆ ಹತ್ತು ರೌಂಡ್ ಓಟ, ಬೇಗ ಹೊರಟವಳಿಗೆ 'ಸೀರಿಯಸ್ ಇಲ್ಲ' ಅನ್ನೋ ಹಣೆಪಟ್ಟಿ. ನಾನು ಆಡುವಾಗ ನನಗೂ ಎರಡೂ ಆಗಿದೆ. ಸಾರಿಗೆ ಸಂಸ್ಥೆಯ ಬಸ್ಸು ಲೇಟಾದರೆ ಹುಡುಗಿ ಓಡಬೇಕು! ಶಿಸ್ತು ಅಂತ ಅದಕ್ಕೆ ಹೆಸರು. ಈಗ ನಾವು ಮಾಡಿಕೊಂಡಿರುವುದು ಬೇರೆ. ನೋಟ್‌ಬುಕ್ಕಿನ ಪಟ್ಟಿಯಲ್ಲಿ ಯಾರ ಬಸ್ಸು ಎಲ್ಲರಿಗಿಂತ ಮೊದಲೋ ಆಕೆಯ ಬಸ್ಸಿಗೆ ಹದಿನೈದು ನಿಮಿಷ ಮುಂಚೆ ಐದು ಜನ ಐದು ಜನರ ಆಟ ಮುಗಿಯಲೇಬೇಕು. ಆಮೇಲೆ ಊರಿನವರು ಉಳಿದು ಶೂಟಿಂಗ್ ಮಾಡಿಕೊಳ್ಳಲಿ. ಒಂದೇ ರೂಟಿನವರು ಜೋಡಿ. ಬಸ್ಸು ಹತ್ತಿದ ಮೇಲೆ ಗ್ರೂಪಿನಲ್ಲಿ 'ಹತ್ತೇವಿ', ಮನೆ ಮುಟ್ಟಿದ ಮೇಲೆ 'ಮುಟ್ಟೇವಿ'. ಇದೇನು ಬಾಸ್ಕೆಟ್‌ಬಾಲ್ ಅಂತ ನಿಮಗೆ ಅನ್ನಿಸಬಹುದು. ಆದರೆ ಮನೆಯವರು ಒಪ್ಪುವುದು ಆ ಎರಡು ಮೆಸೇಜಿಗೆ, ನನ್ನ ಭಾಷಣಕ್ಕಲ್ಲ.

ಇಲ್ಲಿ ಶಕ್ತಿ ಯೋಜನೆಯ ಮಾತು ಬರಲೇಬೇಕು. 2023ರ ಜೂನ್ 11ರಂದು ಅದು ಶುರುವಾಗುವ ಮೊದಲು ವಿದ್ಯಾರ್ಥಿ ಪಾಸು ಇತ್ತು, ಆದರೆ ಪಾಸು ಮನೆಯಿಂದ ಕಾಲೇಜಿನ ರೂಟಿಗೆ ಮಾತ್ರ. ಪಂದ್ಯ ಬೆಳಗಾವಿಯಲ್ಲಿದ್ದರೆ, ವಿಜಯಪುರದಲ್ಲಿದ್ದರೆ ಟಿಕೆಟ್ಟಿನ ದುಡ್ಡು ಯಾರು ಕೊಡಬೇಕು ಅನ್ನೋದರಲ್ಲೇ ಅರ್ಧ ತಂಡ ಕರಗಿಹೋಗ್ತಿತ್ತು. ಈಗ ಹುಡುಗಿಯರು ಆಧಾರ್ ತೋರಿಸಿ ಶೂನ್ಯ ಟಿಕೆಟ್ ತಗೊಂಡು ರಾಜ್ಯದೊಳಗೆ ಎಲ್ಲಿಗೆ ಬೇಕಾದರೂ ಹೋಗಬಹುದು. ಭಾನುವಾರ ಹುಕ್ಕೇರಿಗೆ ಫ್ರೆಂಡ್ಲಿ ಮ್ಯಾಚ್ ಆಡಲು ಹೋಗುವುದು, ಮುಂದಿನ ವಾರ ಮೂಡಲಗಿಗೆ ಹೋಗುವುದು, ಇದೆಲ್ಲ ಮೊದಲು ಯೋಚನೆಗೇ ಬರುತ್ತಿರಲಿಲ್ಲ. 'ಬಿಟ್ಟಿ ಭಾಗ್ಯ' ಅಂತ ಟೀವಿಯಲ್ಲಿ ನಗುವವರು ಒಮ್ಮೆ ಆ ಬಸ್ಸಿನಲ್ಲಿ ಚೆಂಡಿನ ಚೀಲ ತೊಡೆಯ ಮೇಲಿಟ್ಟುಕೊಂಡು ಕೂತ ಹುಡುಗಿಯರನ್ನು ನೋಡಬೇಕು. ಹಾಗಂತ ಎಲ್ಲ ಸರಿಯಾಯ್ತು ಅಂತಲ್ಲ. ಟಿಕೆಟ್ ಹೋಯ್ತು, ಟೈಮ್‌ಟೇಬಲ್ ಹಾಗೇ ಉಳೀತು. ಹಳ್ಳಿಯ ಕೊನೆಯ ಬಸ್ಸು ಇನ್ನೂ ಕತ್ತಲಿಗೆ ಮುಂಚೆಯೇ ಹೋಗುತ್ತೆ, ಅದೂ ತುಂಬಿ ತುಳುಕುತ್ತಾ. ಹುಡುಗಿಯರ ಆಟಕ್ಕೆ ಏನು ಬೇಕು ಅಂತ ಯಾರಾದರೂ ನನ್ನ ಕೇಳಿದರೆ ಸ್ಟೇಡಿಯಂ ಅನ್ನಲ್ಲ, ಏಳು ಗಂಟೆಗೆ ಇನ್ನೊಂದು ಬಸ್ಸು ಅಂತೀನಿ.

ಮಳೆಗಾಲದ ಕತೆಯೇ ಬೇರೆ. ಘಟಪ್ರಭೆ ಏರಿದರೆ ಲೋಳಸೂರ ಸೇತುವೆ ಮುಳುಗುತ್ತೆ, ಆ ಕಡೆಯವರು ಆ ಕಡೆ, ಈ ಕಡೆಯವರು ಈ ಕಡೆ. 2019ರ ಆಗಸ್ಟಿನಲ್ಲಂತೂ ಗೋಕಾಕದ ಅರ್ಧ ಊರೇ ನೀರಲ್ಲಿತ್ತು. ಸೇತುವೆ ಬಂದಾದ ದಿನ ಹುಕ್ಕೇರಿ ಕಡೆಯವರಿಗೆ ಗೈರುಹಾಜರಿ ಹಾಕುವುದಿಲ್ಲ. ಮನೆಯ ಗೋಡೆಗೆ ನೂರು ಪಾಸ್, ಎಣಿಸಿ ಹೇಳಿದರೆ ಸಾಕು. ಸುಳ್ಳು ಹೇಳ್ತಾರಾ? ಕೆಲವರು ಹೇಳ್ತಾರೆ. ಚೆಂಡು ಕೈಗೆ ಬಂದಾಗ ಗೊತ್ತಾಗುತ್ತೆ ಬಿಡಿ.

ಇನ್ನು ಕೋರ್ಟಿನೊಳಗೆ ಬರೋಣ. 28 ಮೀಟರ್ ಉದ್ದ, 15 ಮೀಟರ್ ಅಗಲ, ಐದು ಜನ. ಕಬಡ್ಡಿಯಲ್ಲಿ ರೈಡರ್ ಒಬ್ಬಳೇ ಹೋಗಿ ಬರಬಹುದು. ಬಾಸ್ಕೆಟ್‌ಬಾಲ್‌ನಲ್ಲಿ, ಅದರಲ್ಲೂ ಡಿಫೆನ್ಸಿನಲ್ಲಿ, ಬಾಯಿ ಬಿಡದಿದ್ದರೆ ಬದುಕಿಲ್ಲ. ನೀವು ಚೆಂಡು ಹಿಡಿದವಳನ್ನು ಕಾಯ್ತಾ ಇರ್ತೀರಿ, ಕಣ್ಣು ಅವಳ ಮೇಲೆ. ಅಷ್ಟರಲ್ಲಿ ಎದುರಾಳಿ ತಂಡದ ಇನ್ನೊಬ್ಬಳು ಬಂದು ನಿಮ್ಮ ಪಕ್ಕಕ್ಕೆ ಗೋಡೆಯ ಹಾಗೆ ನಿಲ್ತಾಳೆ. ಇದಕ್ಕೆ ಸ್ಕ್ರೀನ್ ಅಂತಾರೆ. ನಿಮಗೆ ಅದು ಕಾಣಲ್ಲ. ಹಿಂದಿರುವ ಗೆಳತಿಗೆ ಕಾಣುತ್ತೆ. ಅವಳು ಕೂಗಲಿಲ್ಲ ಅಂದರೆ ನೀವು ಹೋಗಿ ಡಿಕ್ಕಿ ಹೊಡೀತೀರಿ. ಅವಳು ಸುಮ್ಮನಿದ್ದರೆ ಪೆಟ್ಟು ನಿಮಗೆ.

ನಮ್ಮ ಹುಡುಗಿಯರು ಕೂಗುವುದಿಲ್ಲ. ಬಾಯಿ ಇಲ್ಲ ಅಂತಲ್ಲ, ಬಸ್ಸಿನಲ್ಲಿ ಅವರ ಗದ್ದಲ ಕೇಳಬೇಕು ನೀವು! ಆದರೆ ಬಯಲಲ್ಲಿ, ನಾಲ್ಕು ಜನ ನೋಡುವ ಕಡೆ, ದನಿ ಗಂಟಲಲ್ಲೇ ಉಳಿಯುತ್ತೆ. ಹೆಣ್ಣುಮಕ್ಕಳು ದನಿ ಎತ್ತರಿಸಬಾರದು ಅಂತ ಹದಿನೆಂಟು ವರ್ಷ ಕೇಳಿದ ಕಿವಿಗಳು. ಜೊತೆಗೆ ಕಂಪೌಂಡಿನ ಮೇಲೆ ಕೂತು ಅಣಕಿಸುವ ಹುಡುಗರು ಬೇರೆ. ಮೊದಮೊದಲು ನಾನು ಇಂಗ್ಲಿಷಿನಲ್ಲಿ ಕಲಿಸಿದೆ, 'ಸ್ಕ್ರೀನ್ ಲೆಫ್ಟ್', 'ಹೆಲ್ಪ್ ರೈಟ್' ಅಂತ. ಲೆಫ್ಟು ಯಾವುದು ಅಂತ ಯೋಚಿಸುವಷ್ಟರಲ್ಲಿ ಬಾಲು ಬುಟ್ಟಿಯಲ್ಲಿ. ಕೊನೆಗೆ ಒಬ್ಬ ಹುಡುಗಿಯೇ ಹೇಳಿದಳು, 'ಅಕ್ಕಾ, ಎಡಕ್, ಬಲಕ್ ಅಂದ್ರ ಆಗಂಗಿಲ್ಲೇನ್ರಿ?' ಆಗಂಗಿಲ್ಲ ಅಂತ ಯಾರು ಹೇಳಿದ್ರು! ಅವತ್ತಿನಿಂದ ನಮ್ಮ ಕೂಗು ಮೂರೇ: 'ಎಡಕ್', 'ಬಲಕ್', 'ನಾ ಅದೀನಿ'. ಕೊನೆಯದು ಹೆಲ್ಪ್ ಡಿಫೆನ್ಸಿನದು. ನಿನ್ನನ್ನು ದಾಟಿ ಅವಳು ಬಂದರೂ ಹಿಂದೆ ನಾನು ನಿಂತಿದ್ದೇನೆ, ಧೈರ್ಯವಾಗಿ ಮುಂದೆ ಹೋಗು ಅಂತ ಅರ್ಥ.

ಎರಡು ವಾರ ಇದೊಂದೇ ಡ್ರಿಲ್. ಕೂಗಿದರೆ ಪಾಯಿಂಟು, ಸುಮ್ಮನೆ ಚೆಂಡು ಕಿತ್ತುಕೊಂಡರೆ ಸೊನ್ನೆ. ಇನ್ನೊಂದು ತೊಡಕು ನಾನು ಎಣಿಸಿರಲೇ ಇಲ್ಲ. ಫಸ್ಟ್ ಇಯರ್ ಹುಡುಗಿಯರು ಸೀನಿಯರುಗಳ ಹೆಸರು ಹಿಡಿದು ಕರೆಯಲ್ಲ, ಎಲ್ಲರಿಗೂ 'ಅಕ್ಕಾ'. ಕೋರ್ಟಿನಲ್ಲಿ 'ಅಕ್ಕಾ' ಅಂದರೆ ನಾಲ್ಕು ಜನ ತಿರುಗಿ ನೋಡ್ತಾರೆ. ಗೆರೆಯೊಳಗೆ ಎಲ್ಲರಿಗೂ ಹೆಸರು, ಗೆರೆ ದಾಟಿದ ಮೇಲೆ ಅಕ್ಕಾ, ಹಾಗಂತ ಒಪ್ಪಂದವಾಯ್ತು. ಒಬ್ಬ ಥರ್ಡ್ ಇಯರ್‌ನವಳಿಗೆ ಇದು ಎಷ್ಟು ದಿನವಾದರೂ ಗಂಟಲಲ್ಲಿ ಇಳಿಯಲಿಲ್ಲ. ನನಗೆ ಅವಳ ಮೇಲೆ ಸಿಟ್ಟಿಲ್ಲ. ಮನೆಯಲ್ಲಿ ತಮ್ಮ ಕೂಡ ಮಾತು ಕೇಳದ ಹುಡುಗಿಗೆ ಮರ್ಯಾದೆ ಸಿಗುವ ಜಾಗ ಇದೊಂದೇ ಇದ್ದಿರಬಹುದು.

ಬಟ್ಟೆಯ ವಿಷಯಕ್ಕೆ ದೊಡ್ಡ ಜಗಳವೇ ಆಯಿತು. ಜೆರ್ಸಿ, ಚಡ್ಡಿ ಬಂದ ದಿನ ಮೂವರು ಚಡ್ಡಿಯ ಒಳಗೆ ಟೈಟ್ಸ್ ಹಾಕಿಕೊಳ್ಳುತ್ತೇವೆ ಅಂದರು. ಇಬ್ಬರ ಮನೆಯಲ್ಲಿ ಬೇರೆ ಹೇಗೂ ಬಿಡ್ತಿರಲಿಲ್ಲ. ಇನ್ನೊಬ್ಬಳು ತಲೆಯನ್ನೂ ಮುಚ್ಚಿಕೊಂಡೇ ಆಡುವವಳು. 2022ರ ಹಿಜಾಬ್ ಗಲಾಟೆ ಉಡುಪಿಯಲ್ಲಿ ಶುರುವಾಗಿ ರಾಜ್ಯವೆಲ್ಲ ಹಬ್ಬಿದಾಗ ಇವರೆಲ್ಲ ಹೈಸ್ಕೂಲು, ಪಿಯುಸಿ. ಯಾರೂ ಆ ಪದ ಎತ್ತಲಿಲ್ಲ, ಆದರೆ ಅದು ಎಲ್ಲರ ತಲೆಯಲ್ಲಿತ್ತು. ಆಟದ ನಿಯಮ ಏನು ಹೇಳುತ್ತೆ ನೋಡೋಣ ಅಂದೆ. 2014ರ ಇಂಚಿಯಾನ್ ಏಷ್ಯನ್ ಗೇಮ್ಸ್‌ನಲ್ಲಿ ಹಿಜಾಬ್ ತೆಗೆಯಬೇಕು ಅಂದಿದ್ದಕ್ಕೆ ಕತಾರ್‌ನ ಮಹಿಳಾ ಬಾಸ್ಕೆಟ್‌ಬಾಲ್ ತಂಡ ಆಡದೇ ವಾಪಸಾಗಿತ್ತು. ಆಟಗಾರ್ತಿಯರು ವರ್ಷಗಟ್ಟಲೆ ಹೋರಾಡಿದ ಮೇಲೆ ಅಂತರರಾಷ್ಟ್ರೀಯ ಒಕ್ಕೂಟ ಫಿಬಾ 2017ರ ಅಕ್ಟೋಬರಿನಿಂದ ತಲೆವಸ್ತ್ರಕ್ಕೆ ಅವಕಾಶ ಕೊಟ್ಟಿತು. ಮುಖ ಮುಚ್ಚಬಾರದು, ಯಾರಿಗೂ ತಾಗಿ ಪೆಟ್ಟಾಗುವಂಥದ್ದು ಇರಬಾರದು, ಬಣ್ಣ ಕಪ್ಪು, ಬಿಳಿ ಅಥವಾ ಜೆರ್ಸಿಯದು. ತಂಡದಲ್ಲಿ ಟೈಟ್ಸ್ ಹಾಕುವವರು ಇದ್ದರೆ ಅವರದೆಲ್ಲ ಒಂದೇ ಬಣ್ಣ.

ಹಾಗಾದರೆ ಹನ್ನೆರಡೂ ಜನ ಕಪ್ಪು ಟೈಟ್ಸ್ ಹಾಕೋಣ, ಯಾರೂ ಬೇರೆ ಕಾಣಲ್ಲ ಅಂತ ಕ್ಯಾಪ್ಟನ್ ಹೇಳಿದಳು. ನನಗೂ ಒಳ್ಳೆಯ ಮಾತು ಅನ್ನಿಸಿತು. ಆಗ ಹುಕ್ಕೇರಿ ಕಡೆಯ ಒಬ್ಬಳು ಎದ್ದು, 'ನಾ ಚಡ್ಡಿ ಮ್ಯಾಲೇ ಆಡಾಕಿ. ನಮ್ಮಪ್ಪನ ಕೂಡ ಎರಡ ವರ್ಷ ಜಗಳಾ ಮಾಡಿ ಇದನ್ನ ಗೆದ್ದೀನಿ, ಈಗ ನೀವು ಮುಚ್ಚಿಕೋ ಅಂದ್ರ ಹೆಂಗ?' ಅಂದಳು. ಅರ್ಧ ತಾಸು ವಾದ. ಕಣ್ಣೀರೂ ಬಂತು. ನಾನು ಚೆಂಡಿನ ಮೇಲೆ ಕೂತು ಬಾಯಿ ಮುಚ್ಚಿಕೊಂಡಿದ್ದೆ. ಬೇಕಾದವರು ಹಾಕಲಿ, ಬೇಡವಾದವರು ಬಿಡಲಿ, ಹೊರಗಿನವರು ಯಾರಾದರೂ ಒಬ್ಬಳ ಬಟ್ಟೆ ಬಗ್ಗೆ ಮಾತಾಡಿದರೆ ಹನ್ನೆರಡೂ ಜನ ಉತ್ತರ ಕೊಡಬೇಕು, ಇದು ತೀರ್ಮಾನ. ಬ್ರೂಸ್ ಟಕ್‌ಮನ್ ಅನ್ನೋ ಅಮೆರಿಕದ ಮನಶ್ಶಾಸ್ತ್ರಜ್ಞ 1965ರಲ್ಲೇ ಬರೆದಿದ್ದ: ಗುಂಪು ಮೊದಲು ಕೂಡುತ್ತೆ, ಆಮೇಲೆ ಜಗಳಾಡುತ್ತೆ, ಆಮೇಲೆ ತನ್ನ ರೂಢಿ ಮಾಡಿಕೊಳ್ಳುತ್ತೆ, ಆಮೇಲಷ್ಟೇ ಕೆಲಸಕ್ಕಿಳಿಯುತ್ತೆ. ಜಗಳ ಬಂದಾಗ ಗದರಿ ಬಾಯಿ ಮುಚ್ಚಿಸುವ ಕೋಚುಗಳು ಆ ಎರಡನೇ ಮೆಟ್ಟಿಲಲ್ಲೇ ತಂಡವನ್ನು ಕೂಡಿಸಿಬಿಡ್ತಾರೆ.

ಮುಟ್ಟಿನ ವಿಷಯ ಚಿಕ್ಕದಾಗಿ ಹೇಳ್ತೀನಿ. 'ಜ್ವರ ಬಂದೈತ್ರಿ' ಅಂತ ತಿಂಗಳಿಗೊಮ್ಮೆ ಬರೋ ಜ್ವರ ಯಾವುದು ಅಂತ ಎಲ್ಲರಿಗೂ ಗೊತ್ತು. 'ಕಡಿಗಾಗೀನಿ' ಅಂತ ನೇರ ಹೇಳಿ, ಬೇಕಾದರೆ ಆಡಿ, ಬೇಡವಾದರೆ ಸ್ಕೋರ್ ಬರೀರಿ ಅಂತ ನಿಯಮ. ಚೆಂಡಿನ ಚೀಲದಲ್ಲಿ ಪ್ಯಾಡು ಇರುತ್ತೆ. ಕರ್ನಾಟಕದಲ್ಲಿ 15ರಿಂದ 49 ವರ್ಷದ ಹೆಣ್ಣುಮಕ್ಕಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನಕ್ಕೆ ರಕ್ತಹೀನತೆ ಇದೆ ಅನ್ನುತ್ತೆ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ. ಅಂಥವರಿಗೆ ಶಿಕ್ಷೆಯ ಓಟ ಓಡಿಸುವುದು ಶಿಸ್ತಲ್ಲ, ದಡ್ಡತನ. ಪ್ರಾಕ್ಟೀಸಿಗೆ ಮುಂಚೆ ಎಲ್ಲರೂ ಡಬ್ಬಿ ಬಿಚ್ಚಿ ಒಟ್ಟಿಗೆ ತಿನ್ನಬೇಕು, ರೊಟ್ಟಿ, ಶೇಂಗಾ ಹಿಂಡಿ, ಉಂಡಿ, ಏನಿದೆಯೋ ಅದು. ಗೋಕಾಕದ ಕರದಂಟು ಲೋಕಪ್ರಸಿದ್ಧ, ಆದರೆ ಅದು ದಿನಾ ತಿನ್ನುವ ಬೆಲೆಯದಲ್ಲ. ಮೊದಲ ವಾರ ಯಾರ ಡಬ್ಬಿಗೆ ಯಾರು ಕೈ ಹಾಕಲ್ಲ ಅನ್ನೋದನ್ನು ನಾನು ನೋಡ್ತಾ ಇರ್ತೀನಿ. ಅದರ ಬಗ್ಗೆ ಭಾಷಣ ಮಾಡಲ್ಲ. ಡಬ್ಬಿಗಳನ್ನು ಅದಲುಬದಲು ಇಟ್ಟುಬಿಡ್ತೀನಿ.

ಅಮೆರಿಕದ ಪ್ಯಾಟ್ ಸಮಿಟ್ ಅನ್ನೋ ಕೋಚ್ ಕತೆ ನನಗೆ ಯಾವಾಗಲೂ ನೆನಪಾಗುತ್ತೆ. 1974ರಲ್ಲಿ, 22ನೇ ವಯಸ್ಸಿಗೆ, ಟೆನೆಸ್ಸೀ ವಿಶ್ವವಿದ್ಯಾಲಯದ ಹುಡುಗಿಯರ ತಂಡ ಹಿಡಿದಾಗ ಸಂಬಳ ತಿಂಗಳಿಗೆ 250 ಡಾಲರ್. ತಂಡದ ಜೆರ್ಸಿ ಒಗೆಯೋದು ಅವಳೇ, ವ್ಯಾನ್ ಓಡಿಸೋದೂ ಅವಳೇ. ಮುಂದೆ 1,098 ಪಂದ್ಯ ಗೆದ್ದಳು, ಎಂಟು ರಾಷ್ಟ್ರೀಯ ಪ್ರಶಸ್ತಿ. ಇದನ್ನು ಪರಿಶ್ರಮದ ಕತೆ ಅಂತ ಹೇಳಿ ಮುಗಿಸುವವರು ಒಂದು ಮಾತು ಬಿಡ್ತಾರೆ. ಸರ್ಕಾರಿ ದುಡ್ಡು ಪಡೆಯುವ ಶಿಕ್ಷಣ ಸಂಸ್ಥೆಗಳಲ್ಲಿ ಲಿಂಗ ತಾರತಮ್ಯ ಕೂಡದು ಅನ್ನೋ ಕಾನೂನು ಅಲ್ಲಿ 1972ರಲ್ಲೇ ಬಂದಿತ್ತು. ಒಬ್ಬಳ ಹಟದ ಬೆನ್ನಿಗೆ ಕಾನೂನು ಇತ್ತು.

ನಮ್ಮಲ್ಲಿ ಬೆನ್ನಿಗೆ ಏನಿದೆ? ಗೆದ್ದ ಮೇಲೆ ಹಾರ. 2025ರ ಜನವರಿಯಲ್ಲಿ ಮೊದಲ ಖೋ-ಖೋ ವಿಶ್ವಕಪ್ ಗೆದ್ದ ಭಾರತದ ಮಹಿಳಾ ತಂಡದಲ್ಲಿ ತಿ. ನರಸೀಪುರ ತಾಲ್ಲೂಕಿನ ಕುರುಬೂರಿನ ಬಿ. ಚೈತ್ರಾ ಇದ್ದರು. ರಾಜ್ಯ ಸರ್ಕಾರ 5 ಲಕ್ಷ ಘೋಷಿಸಿತು. ಮಹಾರಾಷ್ಟ್ರ ತನ್ನ ಆಟಗಾರರಿಗೆ ಕೋಟಿಗಳಲ್ಲಿ ಕೊಟ್ಟು ನೌಕರಿಯನ್ನೂ ಕೊಡುವಾಗ ಇದು ನಮಗೆ ಬೇಡ ಅಂತ ಅವರೂ, ಪುರುಷರ ತಂಡದಲ್ಲಿದ್ದ ಗೌತಮ್ ಕೂಡ ತಿರಸ್ಕರಿಸಿದರು. ಸರಿಯಾಗೇ ಮಾಡಿದರು. ಆದರೆ ನನ್ನ ನೋಟ್‌ಬುಕ್ಕಿನ ಹುಡುಗಿಯರು ವಿಶ್ವಕಪ್‌ವರೆಗೆ ಹೋಗುವವರಲ್ಲ. ಅವರಿಗೆ ಬೇಕಿರುವುದು ಗೆಲ್ಲುವ ಮೊದಲೇ ಸಿಗಬೇಕಾದ ಸಣ್ಣಪುಟ್ಟದ್ದು. ಉದಾಹರಣೆಗೆ ಚೆಂಡು. ಹೆಣ್ಣುಮಕ್ಕಳದ್ದು 6ನೇ ಸೈಜು, ಗಂಡಸರದ್ದು 7. ನಮಗೆ ಬಹಳ ವರ್ಷ ಸಿಕ್ಕಿದ್ದು ಹುಡುಗರು ಆಡಿ ಸವೆಸಿದ 7. ನಾನು ಆಡಿದ್ದೆಲ್ಲ ಅದರಲ್ಲೇ. 6ನೇ ಸೈಜಿನ ಚೆಂಡು ಕೇಳಿ ಅರ್ಜಿ ಬರೆದದ್ದು ನಾನಲ್ಲ, ಹುಡುಗಿಯರು, ಹನ್ನೆರಡೂ ಜನ ಸಹಿ ಹಾಕಿ.

ಈ ಸಲ ಮೂರನೇ ವಾರ ಮೂಡಲಗಿ ಕಡೆಯ ಒಬ್ಬಳು ಬರುವುದು ನಿಲ್ಲಿಸಿದಳು. ಫೋನು ಎತ್ತಲಿಲ್ಲ. ಹಳೆಯ ದಿನಗಳಾಗಿದ್ದರೆ ಪಟ್ಟಿಯಲ್ಲಿ ಒಂದು ಗೆರೆ ಎಳೆದು ಮುಂದೆ ಹೋಗ್ತಿದ್ವಿ. ಅವಳ ಬಸ್ಸಿನ ಜೋಡಿ ಮತ್ತು ಕ್ಯಾಪ್ಟನ್ ಭಾನುವಾರ ಅವಳ ಊರಿಗೇ ಹೋದರು. ಗಂಡು ನೋಡಲು ಬರುವವರಿದ್ದಾರಂತೆ, ಬಿಸಿಲಿಗೆ ಕಪ್ಪಾಗ್ತಾಳೆ ಅಂತ ಅವ್ವನ ಚಿಂತೆ. ಇವರು ಮದುವೆ ಬೇಡ ಅನ್ನಲಿಲ್ಲ, ಹೆಣ್ಣು ಮಕ್ಕಳ ಹಕ್ಕು ಅಂತಲೂ ಅನ್ನಲಿಲ್ಲ. 'ಕಾಕಾ, ಮ್ಯಾಚ್ ಮುಗಿಯೂತನಕ ಕಳಸ್ರಿ, ಬಸ್ ಸ್ಟ್ಯಾಂಡಿನಿಂದ ಮನಿತನಕ ನಾ ಬಿಟ್ಟ ಹೋಗ್ತೀನಿ' ಅಂತ ಜೋಡಿ ಹುಡುಗಿ ಹೇಳಿದಳಂತೆ. ಅಪ್ಪ ಏನೂ ಹೇಳಲಿಲ್ಲ. ಚಹಾ ಕುಡಿಸಿ ಕಳಿಸಿದರು.

ಬುಧವಾರ ಅವಳು ಬಂದಳು. ಲೇಟಾಗಿ ಬಂದಳು. ಯಾರೂ ಓಡಿಸಲಿಲ್ಲ. ಡಿಫೆನ್ಸಿನಲ್ಲಿ ಹಿಂದೆ ನಿಲ್ಲಿಸಿದೆವು, ಅಲ್ಲಿಂದ ಅವಳ ದನಿ ಕಂಪೌಂಡಿನ ತನಕ ಕೇಳಿಸ್ತಿತ್ತು. ಗಂಡಿನ ಕಡೆಯವರು ಬರುವುದು ಮುಂದಿನ ತಿಂಗಳಿಗೆ ಹೋಗಿದೆಯಂತೆ. ನಮ್ಮ ಮೊದಲ ಪಂದ್ಯಕ್ಕೆ ಇನ್ನು ಹತ್ತು ದಿನ.