ಪ್ರವಾಹಕಾಲಕ್ಕೆ ತಕ್ಕ ಅಗ್ಗದ ರೇಡಿಯೊ

2019ರಲ್ಲಿ ಕೃಷ್ಣೆಯು ಶಹಾಪುರ ತಾಲೂಕಿನ ಕೊಳ್ಳೂರು ಸೇತುವೆಯನ್ನು ಮುಳುಗಿಸಿದಳು. ಮರುವರುಷ ಭೀಮೆಯ ಸರದಿ. ಅಂತಹ ಸಮಯದಲ್ಲಿ ವಿದ್ಯುತ್ತು ನಿಂತು ಮೊಬೈಲು ಮೂಕವಾದರೆ ಯಾದಗಿರಿಗೆ ಸುರಪುರದ ಸುದ್ದಿ ತಿಳಿಯುವ ಬಗೆ ಯಾವುದು? ಹವ್ಯಾಸಿ ರೇಡಿಯೊ ಇಟ್ಟುಕೊಳ್ಳಬೇಕೆಂಬುವರ ಉತ್ಸಾಹವನ್ನು ನಾವು ಮೆಚ್ಚುತ್ತೇವೆ. ಆದರೆ ಅಗ್ಗವೆಂದು ಅಂಗೈಯಗಲದ ಯಂತ್ರವನ್ನೇ ಕೊಂಡರೆ ಹಣ ನೀರುಪಾಲು. ಅದರ 144 ಮೆಗಾಹರ್ಟ್ಸಿನ ಅಲೆಯು ನೇರವಾಗಿ ಹೋಗತಕ್ಕದ್ದು. ನೆಲದ ಮೇಲೆ ಕೆಲವೇ ಮೈಲಿ ಮುಟ್ಟೀತು, ಶಹಾಪುರದ ಬೆಟ್ಟ ಅಡ್ಡಬಂದರೆ ಅದೂ ಇಲ್ಲ. 7 ಮೆಗಾಹರ್ಟ್ಸಿನ ಅಲೆಯಾದರೋ ಹಗಲಿನಲ್ಲಿ ಆಕಾಶಕ್ಕೇರಿ, ಅಲ್ಲಿಂದ ಮರಳಿ ಮೂರೂ ಊರುಗಳ ಮೇಲೆ ಇಳಿಯುವುದು. ನೆರೆಯ ಹೈದರಾಬಾದಿನ ಅಶ್ಹರ್ ಫರ್ಹಾನರು ರಚಿಸಿದ ‘ಬಿಟ್‌ಎಕ್ಸ್’ ಇದಕ್ಕೆ ತಕ್ಕ ಸ್ವದೇಶೀ ಯಂತ್ರ. ಸುಲಭವಾಗಿ ದೊರೆಯುವ ಬಿಡಿಭಾಗಗಳಿಂದ ಮನೆಯಲ್ಲಿಯೇ ಕಟ್ಟಬಹುದು. 12 ವೋಲ್ಟಿನ ಬ್ಯಾಟರಿ, ಮಾಳಿಗೆಯ ಮೇಲೆ 20 ಮೀಟರು ತಾಮ್ರದ ತಂತಿ, ಇಷ್ಟೇ ಅದರ ಪರಿವಾರ. ಕೇಂದ್ರ ಸರಕಾರದ ಪರೀಕ್ಷೆ ಕೊಟ್ಟು ಪರವಾನಗಿ ಪಡೆಯದೆ ಮಾತನಾಡಲಾಗದು. ಮುಂದಿನ ಮಳೆಗಾಲಕ್ಕೆ ಮುನ್ನ ಜಿಲ್ಲಾಡಳಿತವು ಆ ಪರೀಕ್ಷೆಯ ಪಾಠವನ್ನು ಯಾದಗಿರಿಯಲ್ಲಿಯೇ ಏರ್ಪಡಿಸಲಿ.