ಝೆರ್ಮಾಟಿಗೆ ಹೋಗುವ ದಾರಿಗಳು

ಸ್ಕೀ ಕ್ರೀಡೆಗೆ ಹೆಸರಾದ ಊರುಗಳು ಆಲ್ಪ್ಸ್ ಪರ್ವತಗಳಲ್ಲಿ ಅನೇಕವಿವೆ. ಅಲ್ಲಿಗೆ ಜನರನ್ನು ಸೆಳೆಯುವುದೂ ಹಿಮವೇ, ದಾರಿಯನ್ನು ಅಡ್ಡಗಟ್ಟುವುದೂ ಹಿಮವೇ. ಸ್ವಿಟ್ಸರ್ಲೆಂಡಿನ ಝೆರ್ಮಾಟ್ ಇದಕ್ಕೆ ಒಳ್ಳೆಯ ನಿದರ್ಶನ. 4,478 ಮೀಟರ್ ಎತ್ತರದ ಮ್ಯಾಟರ್‌ಹಾರ್ನ್ ಶಿಖರದ ಬುಡದಲ್ಲಿ, ಸುಮಾರು 1,600 ಮೀಟರ್ ಎತ್ತರದಲ್ಲಿರುವ ಈ ಊರನ್ನು ಸೇರುವ ಬಗೆಗಳನ್ನು ಕುರಿತು ನಾಲ್ಕು ಮಾತು ಹೇಳಬೇಕೆಂದಿದ್ದೇನೆ.

1865ರಲ್ಲಿ ಎಡ್ವರ್ಡ್ ವಿಂಪರನ ತಂಡ ಈ ಶಿಖರವನ್ನು ಮೊದಲ ಬಾರಿಗೆ ಏರಿತು. ಇಳಿಯುವಾಗ ಏಳು ಮಂದಿಯಲ್ಲಿ ನಾಲ್ವರು ಮಡಿದರು. ಆ ದುರಂತವೇ ಊರಿನ ಹೆಸರನ್ನು ದೂರದೂರಕ್ಕೆ ಹಬ್ಬಿಸಿತು. 1891ರಲ್ಲಿ ಕಣಿವೆಯ ಕೆಳಗಿನ ವಿಸ್ಪ್ ಪಟ್ಟಣದಿಂದ ರೈಲು ಬಂದಿತು. ಏರು ಕಡಿದಾದ ಕಡೆ ಹಳಿಗಳ ನಡುವಿನ ಹಲ್ಲುಪಟ್ಟಿಯನ್ನು ಎಂಜಿನ್ನಿನ ಹಲ್ಲುಚಕ್ರ ಕಚ್ಚಿಕೊಂಡು ಮೇಲೇರುತ್ತದೆ. ಮೆಟ್ಟುಪಾಳಯದಿಂದ ಊಟಿಗೆ ರೈಲಿನಲ್ಲಿ ಹೋದವರಿಗೆ ಈ ಉಪಾಯ ಹೊಸದಲ್ಲ.

ಇಂದಿಗೂ ರೈಲೇ ಅತ್ಯಂತ ಸುಗಮವಾದ ದಾರಿ. ಝೂರಿಕ್ಕಿನಿಂದ ಹೊರಟರೆ, 2007ರಲ್ಲಿ ತೆರೆದ 34.6 ಕಿಲೋಮೀಟರ್ ಉದ್ದದ ಲೋಟ್ಷ್‌ಬರ್ಗ್ ಸುರಂಗವನ್ನು ಹಾದು ಸುಮಾರು ಎರಡು ಗಂಟೆಗಳಲ್ಲಿ ವಿಸ್ಪ್. ಅಲ್ಲಿ ಗಾಡಿ ಬದಲಿಸಿದರೆ ಇನ್ನೊಂದು ಗಂಟೆಯ ಮೇಲೆ ಸ್ವಲ್ಪ. ಜಿನೀವಾದಿಂದ ಬರುವವರು ಸರೋವರದ ದಂಡೆ ಹಿಡಿದು, ರೋನ್ ನದಿಯ ಕಣಿವೆಯಲ್ಲಿ ಸಾಗಿ ಅದೇ ವಿಸ್ಪ್ ಸೇರುತ್ತಾರೆ. ಅವಸರವಿಲ್ಲದವರಿಗೆ ಸೇಂಟ್ ಮೋರಿಟ್ಸಿನಿಂದ ಗ್ಲೇಸಿಯರ್ ಎಕ್ಸ್‌ಪ್ರೆಸ್ ಉಂಟು. ಹೆಸರಿಗೆ ಎಕ್ಸ್‌ಪ್ರೆಸ್, ಪಯಣ ಸುಮಾರು ಎಂಟು ಗಂಟೆ!

ಕಾರಿನಲ್ಲಿ ಬರುವವರು ಟ್ಯಾಷ್ ಎಂಬ ಹಳ್ಳಿಯಲ್ಲೇ ಕಾರನ್ನು ಬಿಟ್ಟು, ಹನ್ನೆರಡು ನಿಮಿಷ ರೈಲಿನಲ್ಲಿ ಪ್ರಯಾಣ ಮಾಡಬೇಕು. ಝೆರ್ಮಾಟಿನಲ್ಲಿ ಪ್ರವಾಸಿಗರ ಕಾರುಗಳಿಗೆ ಪ್ರವೇಶವಿಲ್ಲ. ಬೀದಿಗಳಲ್ಲಿ ಓಡಾಡುವುದು ಪುಟ್ಟ ವಿದ್ಯುತ್ ಗಾಡಿಗಳು. ಐಶ್ವರ್ಯವಂತರನ್ನೂ ಊರ ಬಾಗಿಲಲ್ಲಿ ಕಾರಿನಿಂದ ಇಳಿಸುವ ಈ ನಿಯಮ ನನಗೆ ಬಹಳ ಹಿಡಿಸುತ್ತದೆ. ಸದ್ದು ಹೊಗೆಗಳಿಲ್ಲದ ನಿರ್ಮಲ ಗಾಳಿಯೂ ಆ ಊರಿನ ಒಂದು ಸಂಪತ್ತೇ ಅಲ್ಲವೆ?

ಮೂರನೆಯದು ಆಕಾಶಮಾರ್ಗ. 2023ರಿಂದ ಇಟಲಿಯ ಚೆರ್ವೀನಿಯಾದಿಂದ ತೂಗುಗಾಡಿಗಳಲ್ಲೇ ಪರ್ವತಸಾಲನ್ನು ದಾಟಿ ಝೆರ್ಮಾಟಿಗೆ ಇಳಿಯಬಹುದು. ಆದರೆ ದಾರಿ 3,800 ಮೀಟರಿಗೂ ಮೇಲೇರುತ್ತದೆ. ಗಾಳಿ ಬಿರುಸಾದರೆ ಗಾಡಿಗಳು ನಿಲ್ಲುತ್ತವೆ.

ಇಷ್ಟಿದ್ದೂ ಪ್ರಕೃತಿಯ ಮಾತೇ ಕೊನೆಯ ಮಾತು. 1991ರಲ್ಲಿ ರಾಂಡಾ ಹಳ್ಳಿಯ ಬಳಿ ಬೆಟ್ಟವೇ ಕುಸಿದು ಹಳಿಯನ್ನು ಹೂತಿತು. 2018ರ ಜನವರಿಯಲ್ಲಿ ಹಿಮಪಾತದ ಭಯದಿಂದ ರಸ್ತೆ, ರೈಲು ಎರಡೂ ಮುಚ್ಚಿ, ಸುಮಾರು 13,000 ಪ್ರವಾಸಿಗರು ಊರಿನಲ್ಲಿ ಸಿಕ್ಕಿಬಿದ್ದರು. ಹಲವರನ್ನು ಹೆಲಿಕಾಪ್ಟರಿನಲ್ಲಿ ಕಣಿವೆಗೆ ಇಳಿಸಬೇಕಾಯಿತು. ಆದುದರಿಂದ ಚಳಿಗಾಲದಲ್ಲಿ ಅಲ್ಲಿಗೆ ಹೋಗುವವರು ಹಿಂತಿರುಗುವ ವಿಮಾನಕ್ಕೆ ಮೊದಲು ಒಂದು ದಿನವನ್ನು ಬಿಡುವಾಗಿ ಇಟ್ಟುಕೊಳ್ಳುವುದು ಲೇಸು. ಹೋಗುವ ದಾರಿಯನ್ನು ನಾವು ಆರಿಸಿಕೊಳ್ಳಬಹುದು. ಮರಳುವ ದಿನವನ್ನು ಕೆಲವೊಮ್ಮೆ ಬೆಟ್ಟವೇ ಗೊತ್ತುಮಾಡುತ್ತದೆ.